ಬಾಯಿಗೆ ಬಂದದ್ದು ಚಾರ್ಜ್‌ಶೀಟ್

ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟುಗಳು ಈಗ ಪರೀಕ್ಷೆ ಮಾಡಿ ದುಭಾಷಿ ಸರ್ಟಿಫಿಕೇಟ್ ಕೊಡುವುದು ಸ್ಪ್ಯಾನಿಷ್‌ಗೆ ಮಾತ್ರ. ಕನ್ನಡಕ್ಕೆ ಕರೆ ಬರುವುದೇ ಅಪರೂಪ. ನ್ಯೂಜೆರ್ಸಿಯ ನ್ಯೂವಾರ್ಕ್ ಕೋರ್ಟಿಗೆ ಕನ್ನಡ ದುಭಾಷಿಯಾಗಿ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಪದಗಳ ಪಟ್ಟಿಯೂ ಇರಲಿಲ್ಲ. ನಮ್ಮೂರ ಕೋರ್ಟಿನ ಮಾತು ಗೊತ್ತಲ್ಲ, ಸಾಕು ಅಂದುಕೊಂಡಿದ್ದೆ.

ಇಂಡೈಟ್‌ಮೆಂಟ್ ಅಂದರು. ನನ್ನ ಬಾಯಿಗೆ ಬಂದದ್ದು 'ಚಾರ್ಜ್‌ಶೀಟ್'. ಆರೋಪಿ ಥಟ್ಟನೆ ಕೇಳಿದರು: "ಯಾವ ಸ್ಟೇಷನ್ನಿನವರು ಹಾಕಿದ್ದು ಸಾರ್?" ಸರಿಯಾದ ಪ್ರಶ್ನೆಯೇ. ಚಾರ್ಜ್‌ಶೀಟ್ ಹಾಕುವುದು ಪೊಲೀಸರು ಅಲ್ವಾ? ಇಲ್ಲಿ 16ರಿಂದ 23 ಜನ ಸಾಮಾನ್ಯ ನಾಗರಿಕರ ಗ್ರ್ಯಾಂಡ್ ಜ್ಯೂರಿ ಮುಚ್ಚಿದ ಕೋಣೆಯಲ್ಲಿ ಸಾಕ್ಷ್ಯ ಕೇಳುತ್ತದೆ. ಕನಿಷ್ಠ 12 ಜನ ಒಪ್ಪಿದರೆ ಅವರು ಹೊರಿಸುವ ಲಿಖಿತ ಆರೋಪವೇ ಇಂಡೈಟ್‌ಮೆಂಟ್. ಆದರೆ ಇದನ್ನೆಲ್ಲ ಬಿಡಿಸಿ ಹೇಳುವುದು ವಕೀಲರ ಕೆಲಸ, ನನ್ನದಲ್ಲ. ಅವರ ಪ್ರಶ್ನೆಯನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ "ದುಭಾಷಿ ತನ್ನ ಪದ ತಿದ್ದಿಕೊಳ್ಳಬೇಕಿದೆ" ಎಂದು ಜಡ್ಜ್ ಹತ್ತಿರ ಅನುಮತಿ ಕೇಳಿದೆ. (ಅಲ್ಲಿ ನಾನು 'ನಾನು' ಅಂದರೆ ಅದು ಆರೋಪಿಯ ಮಾತು. ಅಭ್ಯಾಸವಾಗಲು ಸಮಯ ಬೇಕು.)

ಮನೆಗೆ ಬಂದು ಪಟ್ಟಿ ಶುರು ಮಾಡಿದೆ. ಗೊತ್ತಿರುವ ಪದಗಳೇ ಜಾಸ್ತಿ ಕೈಕೊಡುತ್ತವೆ. 'ಜಿಲ್ಲಾ ಕೋರ್ಟ್' ಅಂದರೆ ನಮ್ಮವರಿಗೆ ತುಮಕೂರಿನ ಕೋರ್ಟು ಕಣ್ಣಿಗೆ ಬರುತ್ತದೆ. ಇಲ್ಲಿ ಇಡೀ ನ್ಯೂಜೆರ್ಸಿಯೇ ಒಂದು ಡಿಸ್ಟ್ರಿಕ್ಟ್. ದೇಶಕ್ಕೆಲ್ಲ ಇಂಥವು 94. ಹಾಗಾಗಿ 'ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್' ಅಂತಲೇ ಇಟ್ಟುಕೊಂಡೆ. 'ಮ್ಯಾಜಿಸ್ಟ್ರೇಟ್ ಜಡ್ಜ್' ಕೂಡ ಹಾಗೇ. ಮೊದಲ ಹಾಜರಿ, ಜಾಮೀನು ಸಾಮಾನ್ಯವಾಗಿ ಇವರ ಮುಂದೆ. ಪೂರ್ಣಾವಧಿಯವರನ್ನು ಡಿಸ್ಟ್ರಿಕ್ಟ್ ಜಡ್ಜ್‌ಗಳೇ 8 ವರ್ಷಕ್ಕೆ ನೇಮಿಸುತ್ತಾರೆ. ಆ ಡಿಸ್ಟ್ರಿಕ್ಟ್ ಜಡ್ಜ್‌ಗಳಿಗೋ ನಿವೃತ್ತಿ ವಯಸ್ಸೇ ಇಲ್ಲ.

ನಿಜಕ್ಕೂ ತಲೆ ಕೆಡಿಸಿದ್ದು 'ನಾಟ್ ಗಿಲ್ಟಿ'. ಮೊದಲು 'ನಿರಪರಾಧಿ' ಅಂತ ಬರೆದು ಹೊಡೆದುಹಾಕಿದೆ. 'ತಪ್ಪು ಮಾಡಿಲ್ಲ' ಅಂದರೂ ಅದು ಆಣೆ ಮಾಡಿದ ಹಾಗೆ ಕೇಳಿಸುತ್ತದೆ. ಶುರುವಿನಲ್ಲಿ ಆರೋಪಿ ಹೇಳುವುದು ಇಷ್ಟೇ: ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಅದಕ್ಕೆ 'ಆರೋಪ ಒಪ್ಪುವುದಿಲ್ಲ' ಸರಿಹೋಯಿತು. ವಿಚಾರಣೆಯ ಕೊನೆಯಲ್ಲಿ 12 ಜನ ಜ್ಯೂರಿ ಒಮ್ಮತದಿಂದ ಹೇಳುವ ಅದೇ ಮಾತಿಗೆ 'ದೋಷಿಯಲ್ಲ' ಎಂದು ಬರೆದಿಟ್ಟಿದ್ದೇನೆ. ಫೆಡರಲ್ ಕ್ರಿಮಿನಲ್ ಕೇಸುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ತಪ್ಪೊಪ್ಪಿಗೆಯಲ್ಲೇ ಮುಗಿಯುತ್ತವೆ. ಹಾಗಾಗಿ 'ದೋಷಿಯಲ್ಲ' ಅನ್ನುವ ಪದವನ್ನು ಕೋರ್ಟಿನಲ್ಲಿ ಹೇಳುವ ದಿನ ನನಗಿನ್ನೂ ಬಂದಿಲ್ಲ.