ಜಿಮ್ನಿಗೆ ನಾನು ಟೈರು, ರಿಮ್ಮು ಆರಿಸಿದ ಬಗೆ

ಮಾರುತಿಯ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿಗೆ ಟೈರು ಬದಲಾಯಿಸ್ತೀನಿ ಅಂದರೆ ಸಾಕು, ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ದೊಡ್ಡದು ಹಿಡಿಯುತ್ತೆ?" ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ನೋಡಿದ್ದು ಗಾಡಿ ಓಡುವ ನೆಲವನ್ನು.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದೊಳಗಿನ ದಾರಿಯನ್ನು ದಾರಿ ಅನ್ನುವುದೇ ಕಷ್ಟ. ಮೇಲೆ ಸಿಲ್ವರ್ ಓಕ್ ತರಗೆಲೆ, ಅದರಡಿ ನಾಲ್ಕು ಬೆರಳು ಕೆಂಪು ಕೆಸರು, ಅದಕ್ಕೂ ಕೆಳಗೆ ಗಟ್ಟಿ ಜಂಬಿಟ್ಟಿಗೆ. ಹಳ್ಳ ದಾಟುವಲ್ಲಿ ಪಾಚಿ ಹಿಡಿದ ಕಲ್ಲು. ಇಷ್ಟೆಲ್ಲ ಸೇರಿದರೂ ಒಂದೆರಡು ಕಿಲೋಮೀಟರ್ ಅಷ್ಟೇ. ಉಳಿದ ಓಡಾಟವೆಲ್ಲ ಟಾರು ರಸ್ತೆಯ ಮೇಲೆ. ಮಂಗಳೂರಿಗೆ ಹೊರಟರೆ ಶಿರಾಡಿ ಘಾಟಿ. ಜಡಿಮಳೆಯಲ್ಲಿ ಲಾರಿಗಳ ನಡುವೆ ಗಕ್ಕನೆ ಬ್ರೇಕ್ ಹಿಡಿಯಬೇಕಾದ ಜಾಗ ಅದು.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ ಟೈರಿನ ಅಂಗಡಿಯಲ್ಲಿ ಅರ್ಧ ಸಾಮಾನು ನಮಗೆ ಸಂಬಂಧವೇ ಇಲ್ಲ ಅಂತ ಆಗಿಬಿಡುತ್ತದೆ. ಮೊದಲು ಬಿಟ್ಟಿದ್ದು ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರು. ನೋಡಲು ಭರ್ಜರಿ, ಒಪ್ಪಿಕೊಳ್ಳೋಣ. ಕೆಸರಲ್ಲಿ ಅದಕ್ಕೆ ಸಾಟಿಯೂ ಇಲ್ಲ. ಅದರ ಬಟನ್‌ಗಳ, ಅಂದರೆ ನೆಲಕ್ಕೆ ತಾಗುವ ರಬ್ಬರ್ ಗಟ್ಟಿಗಳ ನಡುವೆ ಅಗಲವಾದ ಸಂದಿ ಇರುತ್ತದೆ, ಚಕ್ರ ಜೋರಾಗಿ ತಿರುಗಿದ ಕೂಡಲೇ ಮೆತ್ತಿಕೊಂಡ ಮಣ್ಣು ಸಿಡಿದು ಹೋಗುತ್ತದೆ. ಆದರೆ ಆ ಸಂದಿಯಿಂದಾಗಿಯೇ ಟಾರಿಗೆ ತಾಗುವ ರಬ್ಬರ್ ಕಡಿಮೆ. ಬಟನ್ ಮೇಲೆ ಸಣ್ಣ ಸೀಳುಗಳೂ ಕಡಿಮೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ. ಜೊತೆಗೆ ಗುಂಯ್ ಅನ್ನುವ ಸದ್ದು. ಎರಡು ಕಿಲೋಮೀಟರ್ ಕೆಸರಿಗಾಗಿ ಇಡೀ ಘಾಟಿಯಲ್ಲಿ ಆ ಅಪಾಯ ನನಗೆ ಬೇಡವಾಗಿತ್ತು. ಹಾಗಾಗಿ ಆರಿಸಿದ್ದು ಆಲ್ ಟೆರೇನ್, ಅಂದರೆ ಟಾರಿಗೂ ಮಣ್ಣಿಗೂ ಆಗುವ ಟೈರು.

ಆಲ್ ಟೆರೇನ್‌ಗೂ ಒಂದು ಕೊರತೆ ಇದೆ. ನಮ್ಮ ಜಿಗುಟು ಮಣ್ಣು ಅದರ ಸಂದಿಗಳಲ್ಲಿ ತುಂಬಿಕೊಂಡರೆ ಟೈರು ಬೋಳುತಲೆಯ ಹಾಗೆ ನುಣ್ಣಗಾಗುತ್ತದೆ. ಅಲ್ಲೇ ಅಗಲದ ಲೆಕ್ಕ ಬರುವುದು. ಅಗಲ ಟೈರು ಅಂದರೆ ಜಾಸ್ತಿ ಹಿಡಿತ ಅಂತ ತುಂಬಾ ಜನ ನಂಬಿದ್ದಾರೆ. ಮರಳಿನಲ್ಲಿ, ತಳವೇ ಸಿಗದ ಗದ್ದೆ ಕೆಸರಿನಲ್ಲಿ ಅದು ನಿಜ, ಅಲ್ಲಿ ಗಾಡಿ ಮೇಲೆ ತೇಲಬೇಕು. ನಮ್ಮ ಕಡೆ ಕೆಸರಿನ ಕೆಳಗೆ ಗಟ್ಟಿ ನೆಲ ಇದೆ. ಸುಮಾರು 1,200 ಕಿಲೋ ತೂಗುವ ಹಗುರ ಗಾಡಿಗೆ ಅಗಲ ಟೈರು ಹಾಕಿದರೆ ಅದು ಕೆಸರಿನ ಮೇಲೆಯೇ ಜಾರಾಡುತ್ತದೆ. ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಹೋಗಿ ಜಂಬಿಟ್ಟಿಗೆಯನ್ನು ಮುಟ್ಟುತ್ತದೆ. ಹಳೇ ಜಿಪ್ಸಿ, ಜೀಪುಗಳು ಸಪೂರ ಟೈರಿನಲ್ಲೇ ಈ ತೋಟಗಳಲ್ಲಿ ಗೊಬ್ಬರ ಹೊತ್ತಿದ್ದು ಸುಮ್ನೆ ಅಲ್ಲ.

ಇನ್ನು ಎತ್ತರ. ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್ 15. 195 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 80 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 80, ಅಂದರೆ 156 ಮಿ.ಮೀ. ಮೇಲೂ ಕೆಳಗೂ ಗೋಡೆ ಇರುವುದರಿಂದ ಎರಡರಷ್ಟು, ಅದಕ್ಕೆ 15 ಇಂಚಿನ ರಿಮ್ಮು, ಅಂದರೆ 381 ಮಿ.ಮೀ. ಕೂಡಿಸಿ. ಒಟ್ಟು 693. ಇದೇ ಲೆಕ್ಕದಲ್ಲಿ 215/75 ಆರ್ 15 ಸುಮಾರು 703 ಮಿ.ಮೀ. ಬರುತ್ತದೆ. ಎಲ್ಲರ ಕಣ್ಣಿರುವ 235/75 ಆರ್ 15 ಸುಮಾರು 733.

40 ಮಿ.ಮೀ. ಜಾಸ್ತಿ ಅಂದ ಕೂಡಲೇ ಗಾಡಿ ಅಷ್ಟೂ ಮೇಲೇಳುತ್ತದೆ ಅಂದುಕೊಳ್ಳಬೇಡಿ. ನೆಲದಿಂದ ಆಕ್ಸಲ್‌ಗೆ ಇರುವ ದೂರ ಅದರ ಅರ್ಧ ಮಾತ್ರ ಹೆಚ್ಚುತ್ತದೆ, 20 ಮಿ.ಮೀ. ಅದಕ್ಕೆ ಕೊಡಬೇಕಾದ ಬೆಲೆ ನೋಡಿ. ಟೈರಿನ ಸುತ್ತಳತೆ ಶೇ. 6ರ ಹತ್ತಿರ ಹೆಚ್ಚುತ್ತದೆ, ಗೇರುಗಳೆಲ್ಲ ಅಷ್ಟರಮಟ್ಟಿಗೆ ಉದ್ದವಾದಂತೆ, ಅಂದರೆ ಚಕ್ರಕ್ಕೆ ಸಿಗುವ ಎಳೆತ ಕಡಿಮೆ. 134 ನ್ಯೂಟನ್ ಮೀಟರ್ ಟಾರ್ಕ್ ಇರುವ 1.5 ಲೀಟರ್ ಪೆಟ್ರೋಲ್ ಎಂಜಿನ್ ಏರಿನಲ್ಲಿ ಮೊದಲೇ ಏದುಸಿರು ಬಿಡುತ್ತದೆ. ಸ್ಪೀಡೋಮೀಟರ್ ತೋರಿಸುವುದಕ್ಕಿಂತ ಗಾಡಿಯ ವೇಗ ಜಾಸ್ತಿಯಾಗುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗೆ ಉಜ್ಜುತ್ತದೆ, ಆಮೇಲೆ ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಅನ್ನುವ ಇನ್ನೊಂದು ಖರ್ಚು. 215ರಲ್ಲಿ ಸಿಗುವುದು ಬರೀ 5 ಮಿ.ಮೀ. ಎತ್ತರ. ನಾನು ಅದನ್ನು ತೆಗೆದುಕೊಂಡದ್ದು ಎತ್ತರಕ್ಕಾಗಿ ಅಲ್ಲ. ಒಳ್ಳೆಯ ಆಲ್ ಟೆರೇನ್ ಟೈರು ಅದರಲ್ಲಿ ಸುಲಭವಾಗಿ ಸಿಗುತ್ತದೆ ಮತ್ತು ಗಾಡಿಯಲ್ಲಿ ಏನೂ ಕೊಯ್ಯದೆ ಕೂರುತ್ತದೆ, ಅದಕ್ಕೆ.

ಹಾಸನದ ಅಂಗಡಿಯವನು ಬಿಡಲಿಲ್ಲ. "235 ಹಾಕ್ಸಿ ಸಾರ್, ಗಾಡಿ ಲುಕ್ಕೇ ಬೇರೆ ಆಗುತ್ತೆ."

"ರಿಮ್ಮು ಐದೂವರೆ ಇಂಚು ಅಗಲ ಅಣ್ಣ. ಅದರ ಮೇಲೆ 235 ಹೇಗೆ ಕೂರಿಸ್ತೀಯಾ?"

"ಅದಕ್ಕೇನು, ರಿಮ್ಮೂ ಬದಲಾಯಿಸೋಣ!"

ಅವನ ಲೆಕ್ಕವೂ ಸರಿಯೇ, ಅಲ್ವಾ? ಒಂದೊಂದು ಟೈರು ಅಳತೆಗೂ ಇಷ್ಟು ಇಂಚಿನಿಂದ ಇಷ್ಟು ಇಂಚಿನವರೆಗಿನ ರಿಮ್ಮು ಅಂತ ಮಿತಿ ಇರುತ್ತದೆ. 215/75ಕ್ಕೆ ಐದೂವರೆ ಇಂಚು ಸಾಕು. 235/75ಕ್ಕೆ ಕಡಿಮೆ ಅಂದರೂ ಆರು ಬೇಕು. ಹೀಗೆ ಟೈರಿನ ಆಸೆ ರಿಮ್ಮಿಗೆ ಎಳೆಯುತ್ತದೆ, ರಿಮ್ಮಿನ ಆಸೆ ಲಿಫ್ಟಿಗೆ ಎಳೆಯುತ್ತದೆ.

ಜಿಮ್ನಿಯ ರಿಮ್ಮಿಗೆ ಐದು ನಟ್, ಪಿಸಿಡಿ, ಅಂದರೆ ನಟ್‌ಗಳು ಕೂರುವ ವೃತ್ತದ ವ್ಯಾಸ 139.7, ನಡುವಿನ ತೂತು 108 ಮಿ.ಮೀ. ಜಿಪ್ಸಿಗೂ ಇದೇ. ಹಾಗಾಗಿ ಮಾರುಕಟ್ಟೆಯಲ್ಲಿ ರಿಮ್ಮಿಗೆ ಬರ ಇಲ್ಲ. ಆದರೆ ನಟ್ ಕೂತಿತು ಅಂದ ಮಾತ್ರಕ್ಕೆ ರಿಮ್ಮು ಸರಿಹೊಂದಿತು ಅಂತಲ್ಲ. ಆಫ್‌ಸೆಟ್ ನೋಡಬೇಕು, ಅಂದರೆ ರಿಮ್ಮು ಹಬ್‌ಗೆ ಕೂರುವ ಮುಖ ಅದರ ಅಗಲದ ನಡುಗೆರೆಯಿಂದ ಎಷ್ಟು ಮಿ.ಮೀ. ಆಚೀಚೆ ಇದೆ ಅನ್ನುವುದು; ಅದು ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ರಿಮ್ಮಿನ ಮೇಲೆ ಇಟಿ ಅಂತ ಬರೆದು ಒಂದು ಸಂಖ್ಯೆ ಇರುತ್ತದೆ. ಕಂಪನಿಯದು ಇಟಿ +5. ಅಂಗಡಿಯಲ್ಲಿ ಮೆರೆಯುವುದು ಏಳು ಇಂಚು ಅಗಲದ, ಇಟಿ -20 ಇರುವಂಥವು. ಲೆಕ್ಕ ಹಾಕಿದರೆ ರಿಮ್ಮಿನ ಹೊರ ಅಂಚು ಸುಮಾರು 44 ಮಿ.ಮೀ. ಆಚೆ ಬರುತ್ತದೆ. ಗಾಡಿ ಕಾಲಗಲಿಸಿ ನಿಂತು ಚೆನ್ನಾಗಿಯೇ ಕಾಣುತ್ತದೆ. ಆದರೆ ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ, ಕಲ್ಲಿಗೆ ಬಡಿದ ಪೆಟ್ಟೆಲ್ಲ ಸ್ಟೇರಿಂಗಿಗೆ ಬರುತ್ತದೆ, ಕೆಸರು ನೇರ ಕಿಟಕಿಗೆ ಎರಚುತ್ತದೆ. ಜಿಮ್ನಿಗೆ ಮುಂದೂ ಗಟ್ಟಿ ಆಕ್ಸಲ್. ಚಕ್ರ ಎಡಬಲಕ್ಕೆ ತಿರುಗುವ ಜಾಗದಲ್ಲಿರುವ ಅದರ ಕಿಂಗ್‌ಪಿನ್ ಬೇರಿಂಗ್ ಸವೆದರೆ ಸ್ಟೇರಿಂಗ್ ಗಡಗಡ ನಡುಗುವ ಕಾಯಿಲೆ ಶುರು, ಜಿಪ್ಸಿ ಇಟ್ಟುಕೊಂಡವರನ್ನು ಕೇಳಿ ನೋಡಿ. ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕಿದರೂ ಇದೇ ಕಥೆ.

ನಾನು ಮಾಡಿದ್ದು ತೀರಾ ಸಪ್ಪೆ ಕೆಲಸ. ನನ್ನದು ಆಲ್ಫಾ ಮಾಡೆಲ್, ಅದರಲ್ಲಿ ಅಲಾಯ್. ಜೀಟಾ ಮಾಡೆಲ್‌ಗೆ ಸ್ಟೀಲ್ ರಿಮ್ಮು ಬರುತ್ತದೆ. ಅವನ್ನೇ ಐದು ತರಿಸಿದೆ. ಕಲ್ಲಿಗೆ ಬಡಿದರೆ ಸ್ಟೀಲ್ ನೆಗ್ಗುತ್ತದೆ, ಸುತ್ತಿಗೆಯಲ್ಲಿ ತಟ್ಟಿ ಅಂಚು ಸರಿಮಾಡಿ ಗಾಳಿ ತುಂಬಿಸಿ ಮನೆ ಸೇರಬಹುದು. ಅಲಾಯ್ ಬಿರುಕು ಬಿಟ್ಟರೆ ಅಲ್ಲೇ ಗಾಡಿ ನಿಂತಂತೆ. 16, 17 ಇಂಚಿಗೆ ಹೋಗುವ ಯೋಚನೆಯನ್ನೇ ಮಾಡಲಿಲ್ಲ. ರಿಮ್ಮು ದೊಡ್ಡದಾದಷ್ಟೂ ಪಕ್ಕದ ರಬ್ಬರ್ ಗೋಡೆ ಕುಗ್ಗುತ್ತದೆ. ಮಹೀಂದ್ರಾ ಥಾರ್‌ನಲ್ಲೇ ನೋಡಿ: 18 ಇಂಚಿನ ರಿಮ್ಮಿನ 255/65 ಟೈರಿಗೆ ಗೋಡೆ 166 ಮಿ.ಮೀ., 16 ಇಂಚಿನ 245/75ಕ್ಕೆ 184. ಕಾಡುದಾರಿಗೆ ಎರಡನೆಯದೇ ವಾಸಿ.

ಟೈರು ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ ಜಿ015. ಹೊರದೇಶದ ಇನ್ನೂ ಕೆಲವು ಹೆಸರುಗಳ ಮೇಲೆ ಆಸೆ ಇತ್ತು. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದಿಗೆ ನಿರ್ಬಂಧ ಹಾಕಿತು. ಒಂದು ಟೈರು ಕೊಯ್ದು ಹೋದರೆ ಅಂಥದ್ದೇ ಇನ್ನೊಂದು ಬೇಗ ಸಿಗಬೇಕಲ್ಲ. ಕೊಳ್ಳುವಾಗ ಪಕ್ಕದ ಗೋಡೆಯ ಸಣ್ಣ ಅಕ್ಷರ ಓದಿದೆ. ನಾಲ್ಕು ಅಂಕಿಯ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ; 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಲೋಡ್ ಇಂಡೆಕ್ಸ್ 96 ಅಂದರೆ ಒಂದು ಟೈರು 710 ಕಿಲೋ ಹೊರುತ್ತದೆ, 100 ಅಂದರೆ 800. ಕಂಪನಿ ಟೈರಿನದಕ್ಕಿಂತ ಇದು ಕಡಿಮೆ ಇರಬಾರದು. ಗೋಡೆಯಲ್ಲಿ ಎಷ್ಟು ಪದರ ಇದೆ ಅನ್ನುವುದನ್ನೂ ಅಲ್ಲೇ ಅಚ್ಚು ಹಾಕಿರುತ್ತಾರೆ. ನಮ್ಮಲ್ಲಿ ಟೈರು ಸಾಯುವುದು ಮೊಳೆ ಚುಚ್ಚಿ ಅಲ್ಲ, ಕಾಫಿ ಗಿಡದ ಕತ್ತರಿಸಿದ ಮೋಟು ಪಕ್ಕಕ್ಕೆ ತಿವಿದು. ಪಕ್ಕದ ಗೋಡೆಗೆ ಪಂಕ್ಚರ್ ಹಾಕಿ ನೆಚ್ಚಿಕೊಳ್ಳಲು ಆಗುವುದಿಲ್ಲ.

ಜೋಡಿಸುವ ದಿನ ಅಂಗಡಿಯಲ್ಲೇ ನಿಂತಿದ್ದೆ. ನಟ್ ತಿರುಗಿಸುವ ಗನ್ ಹಿಡಿದು ಬಿಗಿಯಲು ಬಿಡಲಿಲ್ಲ, ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚ್‌ನಲ್ಲಿ 100 ನ್ಯೂಟನ್ ಮೀಟರ್. ಹೊಸ ಸ್ಟೀಲ್ ರಿಮ್ಮಿನ ಬಣ್ಣ ಹಬ್ ಮೇಲೆ ಒತ್ತಿ ಕೂರುವಾಗ ನಟ್ ಸ್ವಲ್ಪ ಸಡಿಲವಾಗುತ್ತದೆ. ಅದಕ್ಕೆ ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ಬಿಗಿ ನೋಡಬೇಕು. ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ತಡೆ ಹಾಕುತ್ತದೆ. ಬಾಡಿಯಿಂದ ಆಚೆ ಚಾಚಿದ ಚಕ್ರ ಕಂಡರೆ ಪೊಲೀಸರಿಗೂ ಇನ್ಶೂರೆನ್ಸ್‌ನವರಿಗೂ ಪ್ರಶ್ನೆ ಕೇಳಲು ಕಾರಣ ಸಿಕ್ಕಂತೆ.

ಇಷ್ಟೆಲ್ಲ ಆರಿಸಿಯೂ ಗಾಳಿ ಇಳಿಸದೆ ಕೆಸರಿಗೆ ನುಗ್ಗುವವರನ್ನು ನೋಡಿದರೆ ನನಗೆ ನಗು ಬರುತ್ತದೆ. ತೋಟದ ಗೇಟಿನಲ್ಲಿ ನಾನು ಟೈರಿನ ಗಾಳಿಯ ಒತ್ತಡವನ್ನು 18 ಪಿಎಸ್‌ಐಗೆ ಇಳಿಸುತ್ತೇನೆ. ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಪಾಚಿ ಕಲ್ಲನ್ನು ತಬ್ಬಿ ಹಿಡಿಯುತ್ತದೆ. ಅಗಲ ಟೈರಿನಿಂದ ಸಿಗದ ಹಿಡಿತ ಇಲ್ಲಿ ಪುಕ್ಕಟೆ ಸಿಗುತ್ತದೆ ಮಾರಾಯ್ರೆ. 15ಕ್ಕಿಂತ ಕೆಳಗೆ ಹೋಗುವುದಿಲ್ಲ, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಟಾರಿಗೆ ಬರುವ ಮೊದಲು ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಬರೆದಷ್ಟು ವಾಪಸ್ ತುಂಬಿಸಲೇಬೇಕು. ಸಿಗರೇಟ್ ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ಪಂಪು ಬಿಸಿಯಾಗಿ ಸುಸ್ತಾಗುತ್ತದೆ. ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ಇಟ್ಟುಕೊಂಡಿದ್ದೇನೆ.

ಮಳೆಗಾಲದಲ್ಲಿ 80ರ ವೇಗಕ್ಕೆ ಗಾಡಿ ನಡುಗಿದರೆ ಅಲೈನ್‌ಮೆಂಟ್‌ಗೆ ಓಡುವ ಮೊದಲು ರಿಮ್ಮಿನ ಒಳಭಾಗ ನೋಡಿ. ಒಣಗಿದ ಕೆಸರು ಒಂದೇ ಕಡೆ ಅಂಟಿಕೊಂಡಿದ್ದರೆ ಬ್ಯಾಲೆನ್ಸ್ ಕೆಟ್ಟಿರುತ್ತದೆ. ನೀರಿನ ಪೈಪ್ ಹಿಡಿದರೆ ಕಾಯಿಲೆ ವಾಸಿ.

ನಾಲ್ಕು ಸಾಕು, ಸ್ಟೆಪ್ನಿ ಹಳೆಯದೇ ಇರಲಿ ಅಂತ ದುಡ್ಡು ಉಳಿಸುವವರು ಇದ್ದಾರೆ. ಜಿಮ್ನಿಯ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಪೆಟ್ಟಿಗೆ, ಇಲ್ಲ. ಒಂದು ಚಕ್ರದ ಅಳತೆ ಬೇರೆಯಾದರೆ ಮುಂದೂ ಹಿಂದೂ ಒಂದಕ್ಕೊಂದು ಎಳೆದಾಡಿ ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ. ಅದಕ್ಕೇ ಐದೂ ಒಂದೇ ಅಳತೆ, ಒಂದೇ ಟೈರು. ಸರ್ವಿಸ್‌ಗೆ ಬಿಟ್ಟಾಗೆಲ್ಲ ಹಿಂಬಾಗಿಲಿನ ಟೈರನ್ನೂ ಸೇರಿಸಿ ಐದನ್ನೂ ಜಾಗ ಬದಲಾಯಿಸಿ ಹಾಕಿಸುತ್ತೇನೆ.