ಹುಡುಕಿದ ಹೆಸರು ಸಿಗಬೇಕು: ಕಚೇರಿಯ ಕೆಲಸ, ಕನ್ನಡ ಮತ್ತು ಸಾರ್ವಜನಿಕ ತಂತ್ರಾಂಶದ ನಡುವೆ ನನ್ನ ಅನುಭವ

ಸಹಕಾರಿ ಬ್ಯಾಂಕುಗಳಿಗೆ ತಂತ್ರಾಂಶ ಮಾಡಿಕೊಡುವ ಬೆಂಗಳೂರಿನ ತಂಡವೊಂದರಲ್ಲಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಖಾತೆದಾರರ ಹೆಸರು, ವಿಳಾಸ, ರಸೀದಿ, ಪಾಸ್‌ಬುಕ್, ಮೊಬೈಲಿಗೆ ಹೋಗುವ ಸಂದೇಶ ಇವೆಲ್ಲವೂ ಕನ್ನಡದಲ್ಲಿರಬೇಕೆಂಬುದು ಇಂತಹ ಬ್ಯಾಂಕುಗಳ ಸಹಜವಾದ ಬೇಡಿಕೆ. ಆ ಬೇಡಿಕೆಯನ್ನು ಪೂರೈಸುವ ದಾರಿಯಲ್ಲಿ ನಾನು ಕಂಡ ತೊಡಕುಗಳ ಬಹುಪಾಲು ನಮ್ಮ ಸಂಸ್ಥೆಯ ಒಳಗೆ ಹುಟ್ಟಿದವಲ್ಲ. ಜಗತ್ತಿನಾದ್ಯಂತ ಜನ ಬಳಸುವ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಲ್ಲಿ ಇದ್ದು, ಅಲ್ಲಿಂದ ನಮ್ಮಲ್ಲಿಗೆ ಹರಿದು ಬಂದವು. ಆದ್ದರಿಂದ ಅವುಗಳ ದುರಸ್ತಿಯೂ ಅಲ್ಲಿಯೇ, ಎಲ್ಲರ ಕಣ್ಣೆದುರಿಗೆ ನಡೆಯಬೇಕು ಮತ್ತು ಆ ದುರಸ್ತಿಯನ್ನು ಸಂಸ್ಥೆಗಳು ಕಚೇರಿಯ ಕೆಲಸವೆಂದೇ ಎಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ನಾನು ಹೇಗೆ ಮಾಡುತ್ತ ಬಂದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಖೆಗಳಿಂದ ಬರುತ್ತಿದ್ದ ದೂರುಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಿತ್ತು. "ಸಾರ್, ಪಾಸ್‌ಬುಕ್ಕಲ್ಲಿ ಹೆಸರು ಇದೆ, ಅದನ್ನೇ ನೋಡ್ಕೊಂಡು ಟೈಪ್ ಮಾಡಿದ್ರೂ ಕಂಪ್ಯೂಟರಲ್ಲಿ ಇಲ್ಲ ಅಂತ ಬರ್ತದೆ" ಎಂದು ಕೌಂಟರಿನಲ್ಲಿ ಕುಳಿತವರು ಹೇಳುತ್ತಿದ್ದರು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತಿದ್ದರೂ ಒಳಗಿನ ಸಂಕೇತಗಳು ಬೇರೆಯಾಗಿದ್ದುದು ಇದಕ್ಕೆ ಕಾರಣವಾಗಿತ್ತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆಯನ್ನು, ಅಂದರೆ ಸಂಕೇತವನ್ನು, ಕೊಡುವ ಮಾನಕವೇ ಯೂನಿಕೋಡ್. ಯೂನಿಕೋಡ್‌ನಲ್ಲಿ ‘ಕೊ’ ಎಂಬ ಗುಣಿತಾಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು: ‘ಕ’ದ ನಂತರ ಒತ್ವದ ಒಂದೇ ಚಿಹ್ನೆಯನ್ನು ಇಡಬಹುದು, ಇಲ್ಲವೇ ಎತ್ವದ ಚಿಹ್ನೆಯನ್ನೂ ಊತ್ವದ ಚಿಹ್ನೆಯನ್ನೂ ಒಂದರ ಹಿಂದೊಂದು ಇಡಬಹುದು. ಎರಡೂ ಸಮಾನವೆಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ‘ಕೀ’, ‘ಕೇ’, ‘ಕೈ’, ‘ಕೋ’ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಬೈಟುಗಳನ್ನು (ಕಂಪ್ಯೂಟರ್ ಪಠ್ಯವನ್ನು ಇಟ್ಟುಕೊಳ್ಳುವ ಪುಟ್ಟ ಘಟಕಗಳನ್ನು) ಮಾತ್ರ ಹೋಲಿಸುವ ಡೇಟಾಬೇಸ್‌ಗೆ ಈ ಸಮಾನತೆ ತಿಳಿಯುವುದಿಲ್ಲ. ಒಬ್ಬರು ಒಂದು ಕೀಲಿಮಣೆಯಿಂದ ನಮೂದಿಸಿದ ‘ಕೊಟ್ರೇಶ’ನನ್ನು, ಹಳೆಯ ದಾಖಲೆಗಳಿಂದ ಪರಿವರ್ತನೆಯಾಗಿ ಬಂದ ‘ಕೊಟ್ರೇಶ’ನಿಗಿಂತ ಬೇರೆಯ ವ್ಯಕ್ತಿಯೆಂದೇ ಅದು ಭಾವಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಕಾಣದ ಅಕ್ಷರಗಳ ವಿಷಯ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಅಗಲವಿಲ್ಲದ, ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ. ಅದನ್ನು ತೆಗೆದರೆ ಹೆಸರು ‘ರಾಜ್ಕುಮಾರ್’ ಎಂದು ಒತ್ತಕ್ಷರವಾಗಿ ಬೆಸೆದುಕೊಳ್ಳುತ್ತದೆ. ಅದೇ ರೀತಿ ‘ಸೂರ್ಯ’ದಲ್ಲಿ ಅರ್ಕಾವತ್ತು ಬೇಕು, ‘ರ‍್ಯಾಲಿ’ಯಲ್ಲಿ ಪೂರ್ಣ ರಕಾರ ಬೇಕು. ಈ ಎರಡನೆಯ ರೂಪ ಬರಬೇಕಾದರೆ ರಕಾರಕ್ಕೂ ವಿರಾಮ ಚಿಹ್ನೆಗೂ (ಅಂದರೆ ವ್ಯಂಜನದ ಸ್ವರವನ್ನು ಕಳೆಯುವ ‘್’ ಗುರುತಿಗೂ) ನಡುವೆ ‘ಜೋಡಿಸುವ’ ಕಾಣದ ಸಂಕೇತವನ್ನು ಇಡಬೇಕೆಂದು ಯೂನಿಕೋಡ್ ಗ್ರಂಥದ 12ನೇ ಅಧ್ಯಾಯದ ಕನ್ನಡ ಭಾಗ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅರ್ಜಿಯಲ್ಲಿ ತುಂಬಿದ ಪಠ್ಯವನ್ನು ‘ಶುಚಿಗೊಳಿಸುವ’ ಎಷ್ಟೋ ಲೈಬ್ರರಿಗಳು, ಅಂದರೆ ಬೇರೆ ತಂತ್ರಾಂಶಗಳೊಳಗೆ ಸೇರಿಸಿಕೊಳ್ಳುವ ಸಿದ್ಧ ತುಣುಕುಗಳು, ಕಾಣದ ಸಂಕೇತಗಳೆಲ್ಲ ಕಸವೆಂದೋ ದಾಳಿಯ ಸಾಧನಗಳೆಂದೋ ಭಾವಿಸಿ ಅವನ್ನು ಸದ್ದಿಲ್ಲದೆ ಕಿತ್ತುಹಾಕುತ್ತವೆ. ಇನ್ನು ಕೆಲವು ಕಡೆ ಹೆಸರಿನಲ್ಲಿ ‘ಅಕ್ಷರಗಳು ಮಾತ್ರ’ ಇರಬೇಕೆಂಬ ತಪಾಸಣೆ ಇರುತ್ತದೆ. ಯೂನಿಕೋಡ್‌ನ ವರ್ಗೀಕರಣದಲ್ಲಿ ನಮ್ಮ ಸ್ವರಚಿಹ್ನೆಗಳು ‘ಅಕ್ಷರ’ ವರ್ಗಕ್ಕೆ ಸೇರದೆ ‘ಚಿಹ್ನೆ’ ವರ್ಗಕ್ಕೆ ಸೇರಿರುವುದರಿಂದ ‘ಸೀತಾ’ ಎಂಬಷ್ಟು ಸರಳವಾದ ಹೆಸರೂ ಅಲ್ಲಿ ತಿರಸ್ಕೃತವಾಗುತ್ತದೆ. ತನ್ನ ಹೆಸರು ಅಮಾನ್ಯವೆಂದು ಯಂತ್ರವೊಂದು ಹೇಳುವುದನ್ನು ಯಾವ ಖಾತೆದಾರರೂ ಕೇಳಬೇಕಾಗಿ ಬರಬಾರದು.

ಅಳತೆಯ ಸಮಸ್ಯೆಯೂ ಇದರ ಜೊತೆಗಿತ್ತು. ‘ಜ್ಯೋತ್ಸ್ನಾ’ ಎಂಬ ಹೆಸರನ್ನು ನಾವು ಎರಡು ಅಕ್ಷರಗಳಾಗಿ ಓದುತ್ತೇವೆ. ಯೂನಿಕೋಡ್ ಅದನ್ನು 10 ಸಂಕೇತಗಳಾಗಿ ಎಣಿಸುತ್ತದೆ. ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕಾಗುವುದರಿಂದ ಅದು 30 ಬೈಟುಗಳನ್ನು ಆಕ್ರಮಿಸುತ್ತದೆ. ಬೈಟುಗಳ ಲೆಕ್ಕದಲ್ಲಿ 20 ಎಂದು ಮಿತಿ ಹಾಕಿದ ಕಾಲಮ್ಮಿನಲ್ಲಿ ಈ ಹೆಸರು ಹಿಡಿಸುವುದೇ ಇಲ್ಲ. ಸಾಮಾನ್ಯ ಎಸ್‌ಎಂಎಸ್ ಒಂದರಲ್ಲಿ ಇಂಗ್ಲಿಷಿನ 160 ಅಕ್ಷರಗಳಿಗೆ ಜಾಗವಿದ್ದರೆ ಕನ್ನಡಕ್ಕೆ ಸಿಗುವುದು 70 ಸಂಕೇತಗಳು ಮಾತ್ರ, ಅದರಲ್ಲಿ ಹತ್ತು ಈ ಹೆಸರಿಗೇ ಹೋಗುತ್ತವೆ. ಕನ್ನಡದ ಸಂದೇಶ ದುಬಾರಿಯೆಂದು ಬ್ಯಾಂಕುಗಳು ಇಂಗ್ಲಿಷಿಗೆ ಹೊರಳುವುದಕ್ಕೆ ಇದೂ ಒಂದು ಕಾರಣ. ಸಂದೇಶದ ಒಕ್ಕಣೆಯನ್ನು ಬಿಗಿಗೊಳಿಸಿ ಕನ್ನಡವನ್ನು ಉಳಿಸಿಕೊಳ್ಳಲು ಸಾಧ್ಯವಿದೆ, ನಾವು ಹಾಗೆಯೇ ಮಾಡಿದೆವು.

ಹುಡುಕಾಟದ ಸಮಸ್ಯೆಗೆ ನಾನು ಅನುಸರಿಸಿದ ಪರಿಹಾರ ಹೀಗಿದೆ. ಖಾತೆದಾರರು ಕೊಟ್ಟ ಹೆಸರನ್ನು ಕಾಣದ ಸಂಕೇತಗಳ ಸಮೇತ ಒಂದು ಕಾಲಮ್ಮಿನಲ್ಲಿ ಇಟ್ಟುಕೊಳ್ಳುವುದು. ಮುದ್ರಣಕ್ಕೂ ಪರದೆಗೂ ಅದನ್ನೇ ಬಳಸುವುದು. ಹುಡುಕಾಟಕ್ಕೆಂದೇ ಇನ್ನೊಂದು ಕಾಲಮ್ಮನ್ನು ಮಾಡಿ, ಅದರಲ್ಲಿ ಎನ್‌ಎಫ್‌ಸಿ ಎಂಬ, ಸಮಾನ ಬರಹಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ಸಾಮಾನ್ಯೀಕರಣಕ್ಕೆ ಒಳಪಡಿಸಿದ ಹಾಗೂ ಕಾಣದ ಸಂಕೇತಗಳನ್ನು ತೆಗೆದ ರೂಪವನ್ನು ತುಂಬುವುದು. ಬಳಕೆದಾರರು ಟೈಪ್ ಮಾಡಿದ್ದನ್ನೂ ಅದೇ ಸಂಸ್ಕಾರಕ್ಕೆ ಒಳಪಡಿಸಿ ನಂತರ ಹೋಲಿಸುವುದು. ಎನ್‌ಎಫ್‌ಸಿ ತಾನಾಗಿ ಕಾಣದ ಸಂಕೇತಗಳನ್ನು ಮುಟ್ಟುವುದಿಲ್ಲವಾದ್ದರಿಂದ ಎರಡೂ ಹೆಜ್ಜೆಗಳು ಬೇಕು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರಿಗೆ 2019ರ 12ನೇ ಆವೃತ್ತಿಯಿಂದ, ಯೂನಿಕೋಡ್ ನಿಯಮಗಳನ್ನು ಅಳವಡಿಸುವ ಐಸಿಯು ಲೈಬ್ರರಿಯ ನೆರವಿನಿಂದ ಇಂತಹ ಸಮಾನತೆಯನ್ನು ಡೇಟಾಬೇಸಿಗೇ ಕಲಿಸುವ ಸೌಲಭ್ಯವಿದೆ. ಆದರೂ ಏನು ನಡೆಯುತ್ತಿದೆ ಎಂಬುದು ತಂಡದ ಎಲ್ಲರಿಗೂ ತಿಳಿಯುವಂತೆ ಪ್ರತ್ಯೇಕ ಕಾಲಮ್ಮನ್ನು ಇಡುವುದೇ ನನಗೆ ಹೆಚ್ಚು ಸಮ್ಮತ.

ನುಡಿ, ಬರಹದಂತಹ ತಂತ್ರಾಂಶಗಳ ಕಾಲದ, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಉಳಿದಿದ್ದ ದಾಖಲೆಗಳ ಪರಿವರ್ತನೆ ಇನ್ನೊಂದು ದೊಡ್ಡ ಅಧ್ಯಾಯ. ಅದನ್ನು ಇಲ್ಲಿ ವಿವರಿಸುವುದಿಲ್ಲ. ಆ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಬರುತ್ತದೆಂಬುದನ್ನೂ, ಯೂನಿಕೋಡಿಗೆ ತರುವಾಗ ಅದನ್ನು ಉಚ್ಚಾರದ ಕ್ರಮಕ್ಕೆ, ಅಂದರೆ ವ್ಯಂಜನಕ್ಕಿಂತ ಮೊದಲಿಗೆ ಸರಿಸಬೇಕೆಂಬುದನ್ನೂ ಹೇಳಿದರೆ ಸಾಕು. ಈ ಕೆಲಸಕ್ಕೆ ಕನ್ನಡದ ಸ್ವಯಂಸೇವಕರು ಮುಕ್ತ ಪರವಾನಗಿಯಲ್ಲಿ ಬರೆದು ಹಂಚಿದ ಪರಿವರ್ತಕಗಳು ನಮಗೆ ಬಹಳ ನೆರವಾದವು. ಪರೀಕ್ಷೆಗೆ ಬೇಕಾದ ಪದಗಳನ್ನು ನಾನು ಕನ್ನಡ ವಿಕಿಪೀಡಿಯದಿಂದ ಆಯ್ದುಕೊಂಡೆ. 2003ರಲ್ಲಿ ಆರಂಭವಾದ ಆ ವಿಶ್ವಕೋಶದ ಸಂಪೂರ್ಣ ಪಠ್ಯವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ್ದರಿಂದ, ಅಪರೂಪದ ಒತ್ತಕ್ಷರಗಳ ಪಟ್ಟಿಯೊಂದನ್ನು ತಯಾರಿಸುವುದು ಸುಲಭವಾಯಿತು. ಸಂಬಳವಿಲ್ಲದೆ ದುಡಿದ ಇಷ್ಟೊಂದು ಜನರ ಶ್ರಮದ ಮೇಲೆ ನಮ್ಮ ಸಂಬಳದ ಕೆಲಸ ನಿಂತಿದೆ ಎಂಬುದು ಆಗ ನನಗೆ ಮನವರಿಕೆಯಾಯಿತು.

ರಸೀದಿಯ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ಪಕ್ಕಕ್ಕೆ ಬರುತ್ತಿದ್ದಾಗ ವಿಷಯ ಕಚೇರಿಯ ಗೋಡೆಯನ್ನು ದಾಟಿತು. ಕನ್ನಡದಂತಹ ಲಿಪಿಗೆ ಫಾಂಟ್ ಒಂದೇ ಸಾಲದು. ಸಂಕೇತಗಳ ಸಾಲನ್ನು ಓದಿ, ಫಾಂಟಿನೊಳಗಿನ ನಿಯಮಗಳಂತೆ ಯಾವ ಆಕಾರವನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವ ಒಂದು ಎಂಜಿನ್ ಬೇಕು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ನಾವು ಬಳಸುತ್ತಿದ್ದ ಪಿಡಿಎಫ್ ಲೈಬ್ರರಿಯಲ್ಲಿ ಅಂತಹ ವ್ಯವಸ್ಥೆ ಕನ್ನಡಕ್ಕೆ ಇರಲಿಲ್ಲ. ನಮ್ಮೊಳಗೇ ಒಂದು ತೇಪೆ ಹಾಕಿಕೊಂಡು ಮುಂದುವರಿಯುವುದು ಸುಲಭದ ದಾರಿಯಾಗಿತ್ತು. ನಾನು ಆ ಲೈಬ್ರರಿಯ ಸಾರ್ವಜನಿಕ ಸಮುದಾಯಕ್ಕೆ ವರದಿ ಬರೆಯಲು ನಿರ್ಧರಿಸಿದೆ.

ಅಂತಹ ವರದಿಯನ್ನು ಓದುವವರಿಗೆ ಕನ್ನಡ ಬರುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದು ಬರೆದರೆ ಅವರು ಏನನ್ನೂ ಮಾಡಲಾರರು. ತಮ್ಮ ಪರದೆಯಲ್ಲಿ ಎರಡು ಅಪರಿಚಿತ ಚಿತ್ರಗಳನ್ನು ಕಂಡು ಯಾವುದು ಸರಿಯೆಂದು ತಿಳಿಯದೆ ಸುಮ್ಮನಾಗುತ್ತಾರೆ. ನಾನು ಒಂದೇ ಒಂದು ಪದವನ್ನು ಆರಿಸಿಕೊಂಡೆ, ಅದರ ಸಂಕೇತಗಳನ್ನು ಕ್ರಮವಾಗಿ ಸಂಖ್ಯೆಗಳಲ್ಲಿ ಬರೆದೆ, ನೋಟೊ ಎಂಬ ಮುಕ್ತ ಫಾಂಟಿನ ಯಾವ ಆವೃತ್ತಿಯನ್ನು ಬಳಸಿದೆನೆಂದು ತಿಳಿಸಿದೆ, ಬರಬೇಕಾದ ರೂಪ ಮತ್ತು ಬಂದ ರೂಪಗಳ ಚಿತ್ರಗಳನ್ನು ತಪ್ಪಿರುವ ಜಾಗಕ್ಕೆ ಗುರುತು ಹಾಕಿ ಅಕ್ಕಪಕ್ಕ ಇಟ್ಟೆ, ಯೂನಿಕೋಡ್ ಗ್ರಂಥದ ಸಂಬಂಧಪಟ್ಟ ಭಾಗವನ್ನು ತೋರಿಸಿದೆ ಮತ್ತು ತಂತ್ರಾಂಶ ಸರಿಯಾಗಿದೆಯೇ ಎಂದು ಕನ್ನಡ ಓದಲು ಬಾರದವರೂ ತಿಳಿಯಬಹುದಾದಂತಹ ಪುಟ್ಟ ಪರೀಕ್ಷೆಯೊಂದನ್ನು ಜೊತೆಗೆ ಸೇರಿಸಿದೆ. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಪರೀಕ್ಷೆಯೊಂದು ತಂತ್ರಾಂಶದ ಮೂಲ ಬರಹದ ಜೊತೆ ಸೇರಿಬಿಟ್ಟರೆ, ಮುಂದೆ ಯಾರೋ ಬೇರೆ ಉದ್ದೇಶಕ್ಕೆ ಬದಲಾವಣೆ ಮಾಡುವಾಗ ಕನ್ನಡ ಕೆಟ್ಟರೆ ಅದು ಆ ಕ್ಷಣವೇ ಗೊತ್ತಾಗುತ್ತದೆ. ಕಾವಲಿಗೆ ನಾವು ಇರಬೇಕಾಗಿಲ್ಲ.

ಉತ್ತರ ಬರಲು ಸಮಯ ಹಿಡಿಯಿತು. ಅದರಿಂದ ನನಗೆ ಬೇಸರವಾಗಲಿಲ್ಲ, ಏಕೆಂದರೆ ಇಂತಹ ಲೈಬ್ರರಿಗಳನ್ನು ನೋಡಿಕೊಳ್ಳುವವರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ ದುಡಿಯುವವರು. 2024ರ ಮಾರ್ಚ್ ಕೊನೆಯಲ್ಲಿ ಬೆಳಕಿಗೆ ಬಂದ ಎಕ್ಸ್‌ಝಡ್ ಪ್ರಕರಣ ಇದನ್ನು ಎಲ್ಲರಿಗೂ ಕಾಣಿಸಿತು. ಲಿನಕ್ಸ್ ಲೋಕದಲ್ಲೆಲ್ಲ ಬಳಕೆಯಲ್ಲಿದ್ದ ಕಡತಗಳನ್ನು ಕುಗ್ಗಿಸುವ ಆ ಸಣ್ಣ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಗುತ್ತಿದೆ ಎಂದು ಅವರ ಮೇಲೆ ಒತ್ತಡ ಹೇರಲಾಗಿತ್ತು. ನೆರವಿನ ಹೆಸರಿನಲ್ಲಿ ಬಂದು ವಿಶ್ವಾಸ ಗಳಿಸಿದವರು ಅದರೊಳಗೆ ಗುಟ್ಟಾಗಿ ನುಗ್ಗಲು ಹಿಂಬಾಗಿಲೊಂದನ್ನು ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಏಕೆ ಹಿಡಿಯುತ್ತಿದೆ ಎಂದು ಹುಡುಕುತ್ತ ಹೋಗಿ ಅದನ್ನು ಪತ್ತೆಹಚ್ಚಿದರು. ನಮ್ಮ ತುರ್ತನ್ನು ಇಂತಹ ಸ್ವಯಂಸೇವಕರ ಮೇಲೆ ಹೊರಿಸಬಾರದು, ಸಾಧ್ಯವಿದ್ದರೆ ದೋಷದ ವರದಿಯ ಜೊತೆಗೆ ಪರಿಹಾರವನ್ನೂ ನಾವೇ ಬರೆದು ಕೊಡಬೇಕು ಎಂಬ ನನ್ನ ನಿಯಮ ಆ ಘಟನೆಯ ನಂತರ ಇನ್ನಷ್ಟು ಗಟ್ಟಿಯಾಯಿತು.

ಕಚೇರಿಯಲ್ಲಿ ಇದಕ್ಕೆ ಒಪ್ಪಿಗೆ ಪಡೆಯುವುದು ಬೇರೆಯದೇ ಕೆಲಸ. ಎರಡು ವಾರಗಳ ಕೆಲಸದ ಕಂತಾದ ಸ್ಪ್ರಿಂಟ್, ದಿನನಿತ್ಯದ ಪುಟ್ಟ ಸಭೆಯಾದ ಸ್ಟ್ಯಾಂಡಪ್, ಗಂಟೆಗಳನ್ನು ಗ್ರಾಹಕರ ಲೆಕ್ಕಕ್ಕೆ ಬರೆಯುವ ಟೈಮ್‌ಶೀಟ್ ಇವುಗಳಲ್ಲಿ ಸಾರ್ವಜನಿಕ ತಂತ್ರಾಂಶದ ದುರಸ್ತಿಗೆ ಒಂದು ಸಾಲೂ ಇರುವುದಿಲ್ಲ. ರಾತ್ರಿ ಮನೆಯಲ್ಲಿ ಕುಳಿತು ಮಾಡಬಹುದಾಗಿತ್ತು, ಎಷ್ಟೋ ಜನ ಹಾಗೆಯೇ ಮಾಡುತ್ತಾರೆ. ಆದರೆ ಸಂಸ್ಥೆಗೆ ಲಾಭವಾಗುವ ಕೆಲಸವನ್ನು ನೌಕರ ತನ್ನ ನಿದ್ದೆಯ ಸಮಯದಲ್ಲಿ ಮಾಡುವುದು ನ್ಯಾಯವಲ್ಲವೆಂದು ನಾನು ಭಾವಿಸುತ್ತೇನೆ. ಆದ್ದರಿಂದ ನನ್ನ ಮ್ಯಾನೇಜರ್ ಎದುರಿಗೆ ಒಂದು ಸರಳವಾದ ಹೋಲಿಕೆಯನ್ನು ಇಟ್ಟೆ: ತೇಪೆಯನ್ನು ನಮ್ಮಲ್ಲೇ ಇಟ್ಟುಕೊಂಡರೆ ಲೈಬ್ರರಿಯ ಪ್ರತಿ ಹೊಸ ಆವೃತ್ತಿಗೂ ಅದನ್ನು ಮತ್ತೆ ಹೊಂದಿಸಿ, ಮತ್ತೆ ಪರೀಕ್ಷಿಸಬೇಕು, ಹೊಂದಿಸಿದವರು ಕೆಲಸ ಬಿಟ್ಟರೆ ಆ ತಿಳಿವಳಿಕೆಯೂ ಅವರ ಜೊತೆ ಹೋಗುತ್ತದೆ, ಲೈಬ್ರರಿಯ ಸಾರ್ವಜನಿಕ ಮೂಲಕ್ಕೆ ಸೇರಿಸಿದರೆ ಈ ಖರ್ಚು ಒಂದೇ ಬಾರಿಗೆ ಮುಗಿಯುತ್ತದೆ. ಅವರಿಗೆ ಲೆಕ್ಕ ಹಿಡಿಸಿತು. ಸೇವೆಯಲ್ಲಿರುವಾಗ ಬರೆದ ತಂತ್ರಾಂಶವೆಲ್ಲ ಸಂಸ್ಥೆಯ ಸ್ವತ್ತೆಂಬ ಷರತ್ತು ನೇಮಕಾತಿ ಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದರಿಂದ, ಯಾವ ಯೋಜನೆಗೆ, ಯಾವ ಪರವಾನಗಿಯಲ್ಲಿ ಕೊಡುತ್ತಿದ್ದೇನೆ ಎಂದು ಬರೆದು ಲಿಖಿತ ಅನುಮತಿಯನ್ನೂ ಪಡೆದೆ. ಕಿರಿಯ ಸಹೋದ್ಯೋಗಿಗಳಿಗೆ ನಾನು ತಪ್ಪದೆ ಹೇಳುವ ಮಾತು ಇದು: ಅನುಮತಿ ಬಾಯಿಮಾತಿನಲ್ಲಿ ಇರಬಾರದು.

ಈಚೆಗೆ ಸಹೋದ್ಯೋಗಿಗಳು ಸಂದೇಹ ಬಂದಾಗ ಸಾರ್ವಜನಿಕವಾಗಿ ಕೇಳುವುದನ್ನು ಬಿಟ್ಟು ಕೃತಕ ಬುದ್ಧಿಮತ್ತೆಯ ಸಹಾಯಕಗಳನ್ನು ಕೇಳುತ್ತಾರೆ. ನಾನೂ ಬಳಸುತ್ತೇನೆ, ಉಪಯೋಗವಾಗುತ್ತದೆ. ಆದರೆ ಪೂರ್ಣ ರಕಾರದ ಪ್ರಶ್ನೆಯನ್ನು ಕೇಳಿದಾಗ ಅಂತಹ ಒಂದು ಸಹಾಯಕ ಕಾಣದ ಸಂಕೇತವನ್ನು ವಿರಾಮ ಚಿಹ್ನೆಯ ನಂತರ ಇಡಲು ಹೇಳಿತು. ಅದು ದೇವನಾಗರಿಯ ಕ್ರಮ. ಕನ್ನಡದಲ್ಲಿ ಅದು ವಿರಾಮಕ್ಕಿಂತ ಮೊದಲು ಬರಬೇಕು. ಕನ್ನಡದ ಬಗ್ಗೆ ಸಾರ್ವಜನಿಕವಾಗಿ ಬರೆದಿಟ್ಟದ್ದು ಕಡಿಮೆ ಇರುವುದರಿಂದ ಇಂತಹ ಉತ್ತರಗಳು ಬರುತ್ತವೆ ಎಂಬುದು ನನ್ನ ಊಹೆ. ಖಾಸಗಿ ಕಿಟಕಿಯಲ್ಲಿ ಸಿಕ್ಕ ಪರಿಹಾರ ಮುಂದಿನವರಿಗೆ ಸಿಗುವುದಿಲ್ಲ, ಆ ಕೊರತೆ ಹಾಗೆಯೇ ಉಳಿಯುತ್ತದೆ. ಮಾನಕಗಳ ವಿಷಯದಲ್ಲೂ ಹೀಗೆಯೇ: 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ನಡುವೆ ತುಂಡರಿಸದೆ ಒಂದೇ ಘಟಕವಾಗಿ ಎಣಿಸುವ ನಿಯಮ ಸೇರಿದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳು ಅದರ ವ್ಯಾಪ್ತಿಗೆ ಬಂದವು, ಆ ಆವೃತ್ತಿಯಲ್ಲಿ ಕನ್ನಡ ಬರಲಿಲ್ಲ. ಇಂತಹ ತೀರ್ಮಾನಗಳ ಕರಡುಗಳು ಸಾರ್ವಜನಿಕ ಅಭಿಪ್ರಾಯಕ್ಕೆ ತೆರೆದಿರುತ್ತವೆ, ಯಾರು ಬೇಕಾದರೂ ಆಧಾರಸಹಿತ ಟಿಪ್ಪಣಿ ಕಳುಹಿಸಬಹುದು. ಬೆಂಗಳೂರಿನಲ್ಲಿ ಇಷ್ಟು ಸಾವಿರ ಕನ್ನಡಿಗ ಎಂಜಿನಿಯರುಗಳಿರುವಾಗ ಆ ಕರಡುಗಳನ್ನು ಓದುವವರು ನಮ್ಮಲ್ಲಿ ಹೆಚ್ಚಬೇಕು.

ನಮ್ಮ ತಂಡದಲ್ಲಿ ಈಗ ಕೆಲಸದ ಅಂದಾಜು ಮಾಡುವಾಗಲೇ ಮೂಲಕ್ಕೆ ಸಲ್ಲಿಸುವ ಶ್ರಮವನ್ನೂ ಸೇರಿಸುತ್ತೇವೆ, ವಾರ್ಷಿಕ ಮೌಲ್ಯಮಾಪನದಲ್ಲಿ ಅದಕ್ಕೆ ಜಾಗವಿದೆ. ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲಿ ಕೊಡುವ ಕೆಲಸವೂ ಇದಕ್ಕೆ ಸಂಬಂಧಿಸಿದ್ದೇ, ಅದನ್ನು ಯಾವ ಕಚೇರಿಯಲ್ಲಾದರೂ ಮಾಡಿ ನೋಡಬಹುದು. ತಂತ್ರಾಂಶದ ಹೆಸರಿನ ಕಾಲಮ್ಮಿನಲ್ಲಿ ರಾಜ್‌ಕುಮಾರ್, ಸೂರ್ಯ, ಕೊಟ್ರೇಶ, ಲಕ್ಷ್ಮೀ, ಜ್ಯೋತ್ಸ್ನಾ ಎಂಬ ಹೆಸರುಗಳನ್ನೂ, ವಿವರದ ಕಾಲಮ್ಮಿನಲ್ಲಿ ರ‍್ಯಾಲಿ ಎಂಬ ಪದವನ್ನೂ ನಮೂದಿಸಿ ಉಳಿಸಬೇಕು. ಬೇರೊಂದು ಕೀಲಿಮಣೆಯಿಂದ ಅವುಗಳನ್ನೇ ಟೈಪ್ ಮಾಡಿ ಹುಡುಕಬೇಕು. ಪಿಡಿಎಫ್ ಮಾಡಿ ಮುದ್ರಿಸಬೇಕು. ಆ ಪಿಡಿಎಫ್‌ನಿಂದ ಪಠ್ಯವನ್ನು ನಕಲು ಮಾಡಿ ಮೂಲದೊಂದಿಗೆ ಹೋಲಿಸಬೇಕು. ಎಲ್ಲಿ ವ್ಯತ್ಯಾಸ ಬಂದಿತೋ ಅಲ್ಲಿ ಯಾವ ಲೈಬ್ರರಿ ಕೆಲಸ ಮಾಡುತ್ತಿದೆ ಎಂದು ಗುರುತಿಸಿ, ಅದರ ಬಗ್ಗೆ ಮೊದಲೇ ಯಾರಾದರೂ ವರದಿ ಮಾಡಿದ್ದಾರೆಯೇ ಎಂದು ನೋಡಿ, ಇಲ್ಲದಿದ್ದರೆ ಒಂದು ಪದದ, ಒಂದು ಚಿತ್ರಜೋಡಿಯ, ಒಂದು ಪರೀಕ್ಷೆಯ ವರದಿಯನ್ನು ಕಚೇರಿಯ ವೇಳೆಯಲ್ಲಿಯೇ ಬರೆಯಬೇಕು.