ಜರ್ಮನಿಯ ಲ್ಯಾಬಿಗೆ ಹೊರಟಿದ್ದೀರಾ? ದಿನ ಹೀಗೆ ಕಟ್ಟಿಕೊಳ್ಳಿ

ಕೊಣಾಜೆಯಲ್ಲೋ ಮಣಿಪಾಲದಲ್ಲೋ ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಜರ್ಮನಿಗೆ ಹೊರಟವರು ಮೊದಲು ಕೇಳುವುದು, ಅಲ್ಲಿ ದಿನಕ್ಕೆ ಎಷ್ಟು ಗಂಟೆ ಕೆಲಸ ಅಂತ. ಬಯಾಲಜಿ ಲ್ಯಾಬ್ ಆದರೆ ಅದನ್ನು ಗೈಡ್‌ಗಿಂತ ಜಾಸ್ತಿ ಇನ್‌ಕ್ಯುಬೇಟರ್ ಅನ್ನುವ ಬೆಚ್ಚನೆ ಪೆಟ್ಟಿಗೆಯೊಳಗೆ ಬೆಳೆಯುವ ಸೆಲ್‌ಗಳೇ (ಜೀವಕೋಶಗಳೇ) ತೀರ್ಮಾನಿಸುತ್ತವೆ. ಹಾಗಾಗಿ ನಾಳೆಯ ಕೆಲಸವನ್ನು ಇವತ್ತು ಸಂಜೆಯೇ ಬರೆದಿಟ್ಟುಕೊಳ್ಳಿ, ಅದೂ ಕೊನೆಯ ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕಿ.

ಮಧ್ಯಾಹ್ನ 3ಕ್ಕೆ, ಹೊಳೆಯುವ ಬಣ್ಣ ಹಚ್ಚಿದ ಸೆಲ್‌ಗಳನ್ನು ಲೇಸರ್‌ನಲ್ಲಿ ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಬುಕ್ ಆಗಿದೆ ಅಂತಿಟ್ಟುಕೊಳ್ಳಿ. ಅದಕ್ಕೆ ಮೊದಲು ಸೆಲ್‌ಗಳನ್ನು ಫಿಕ್ಸ್ ಮಾಡಬೇಕು (ಇದ್ದ ಹಾಗೇ ಹಿಡಿದಿಡುವುದು), ಬ್ಲಾಕಿಂಗ್ ಆಗಬೇಕು (ಆಂಟಿಬಾಡಿ ಬೇಡದ ಕಡೆ ಅಂಟದ ಹಾಗೆ ತಡೆಯುವುದು), ಬೇಕಾದ ಪ್ರೋಟೀನ್‌ಗೆ ಅಂಟುವ ಪ್ರೈಮರಿ ಆಂಟಿಬಾಡಿಗೆ ಒಂದು ಗಂಟೆ, ಅದರ ಮೇಲೆ ಅಂಟಿ ಹೊಳೆಯುವ ಸೆಕೆಂಡರಿಗೆ ಇನ್ನೊಂದು ಗಂಟೆ, ನಡುನಡುವೆ ಐದೈದು ನಿಮಿಷದ ಹಾಗೆ ಮೂರು ಮೂರು ಸಲ ತೊಳೆಯುವುದು ಬೇರೆ. ಎಲ್ಲ ಸೇರಿ ಸುಮಾರು ಐದು ಗಂಟೆ. ಅಂದರೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡು ಬೆಳಿಗ್ಗೆ ಒಂಬತ್ತೂವರೆಗೆ ಕೈ ಹಚ್ಚಬೇಕು. ಅಷ್ಟು ಬೇಗ ಆಗುವುದಿಲ್ಲ ಅನ್ನುವವರು ಹಿಂದಿನ ಸಂಜೆಯೇ ಪ್ರೈಮರಿ ಹಾಕಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಬಹುದು, ಆಗ ಬೆಳಿಗ್ಗೆ ಅರ್ಧ ಕೆಲಸ ಮುಗಿದಿರುತ್ತದೆ.

ಲ್ಯಾಬಿಗೆ ಬಂದ ಕೂಡಲೇ ಇಮೇಲ್ ತೆರೆಯಬೇಡಿ. ಮೊದಲು ಸೆಲ್ ಬೆಳೆಸುವ ಫ್ಲಾಸ್ಕ್ ನೋಡಿ. ಮೀಡಿಯಂ (ಸೆಲ್‌ಗಳು ಬೆಳೆಯುವ ದ್ರವ) ಕೆಂಪಾಗಿದ್ದರೆ ಕ್ಷೇಮ. ಹಳದಿಗೆ ತಿರುಗಿದ್ದರೆ ಸೆಲ್‌ಗಳು ಜಾಸ್ತಿಯಾಗಿ ಆಮ್ಲ ಸೇರಿದೆ ಅಂತ ಅರ್ಥ, ಅವತ್ತೇ ಸ್ಪ್ಲಿಟ್ ಮಾಡಿ, ಅಂದರೆ ಸ್ವಲ್ಪ ಸೆಲ್‌ಗಳನ್ನು ಹೊಸ ಫ್ಲಾಸ್ಕ್‌ಗೆ ಹಾಕಿ. ಹಳದಿಯಾಗಿದ್ದು, ಗಂಜಿತಿಳಿಯ ಹಾಗೆ ಮಬ್ಬೂ ಆಗಿದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆ. ಅದರ ಮುಚ್ಚಳ ತೆಗೆಯಬೇಡಿ, ಇನ್‌ಕ್ಯುಬೇಟರ್ ಹಂಚಿಕೊಂಡವರಿಗೆಲ್ಲ ತಕ್ಷಣ ಹೇಳಿ. ಮುಚ್ಚಿಟ್ಟರೆ ಎಲ್ಲರ ಸೆಲ್‌ಗಳೂ ಹೋದಾವು.

ಊಟದ ಹೊತ್ತು ನಮ್ಮ ಹಾಗಲ್ಲ. ಹನ್ನೊಂದೂವರೆಗೇ ಗುಂಪಾಗಿ ಹೊರಡುವವರಿದ್ದಾರೆ. ಹಸಿವಿಲ್ಲ ಅಂತ ಸುಮ್ನೆ ಕೂರಬೇಡಿ, ಡಬ್ಬಿ ಹಿಡಿದುಕೊಂಡಾದರೂ ಹೋಗಿ. ಪ್ರೈಮರಿ ಹಾಕಿ ಎದ್ದರೆ ಆ ಒಂದು ಗಂಟೆ ಹೇಗೂ ಖಾಲಿ ಅಲ್ವಾ? ಯಾರ ಆಂಟಿಬಾಡಿ ಕೆಲಸ ಮಾಡುತ್ತದೆ, ಯಾವ ಮೆಷಿನ್ ಕೈಕೊಡುತ್ತದೆ ಅನ್ನುವುದೆಲ್ಲ ಗೊತ್ತಾಗುವುದು ಆ ಟೇಬಲ್ಲಿನಲ್ಲೇ, ಮೀಟಿಂಗಿನಲ್ಲಿ ಇದನ್ನೆಲ್ಲ ಯಾರೂ ಹೇಳುವುದಿಲ್ಲ.

ನೋಟ್‌ಬುಕ್ ಅವತ್ತಿನದ್ದು ಅವತ್ತೇ ಬರೆಯಿರಿ, ಆಂಟಿಬಾಡಿಯ ಲಾಟ್ ನಂಬರ್ (ಬಾಟಲಿಯ ಮೇಲಿನ ತಯಾರಿಕೆಯ ಬ್ಯಾಚ್ ಸಂಖ್ಯೆ) ಸಮೇತ.

ಮನೆಗೆ ಫೋನ್ ಮಾಡುವುದಕ್ಕೂ ಲೆಕ್ಕ ಬೇಕು. ಬೇಸಿಗೆಯಲ್ಲಿ ಉಡುಪಿ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಬದಲಾಗುತ್ತದೆ. ಡಿಸೆಂಬರ್‌ನಲ್ಲಿ ನೀವು ಕೆಲಸ ಮುಗಿಸಿ ಏಳಕ್ಕೆ ಫೋನ್ ಮಾಡಿದರೆ ಅಮ್ಮನಿಗೆ ರಾತ್ರಿ ಹನ್ನೊಂದೂವರೆ. ನಾಲ್ಕೂವರೆಯ ಕಾಫಿ ಹೊತ್ತೇ ಒಳ್ಳೆಯದು.

ಶುಕ್ರವಾರ ಫ್ಲಾಸ್ಕ್‌ಗೆ ಕಡಿಮೆ ಸೆಲ್‌ಗಳನ್ನು ತೆಳುವಾಗಿ ಹಾಕಿದರೆ ಸೋಮವಾರದವರೆಗೆ ತಡೆಯುತ್ತವೆ, ನಿಮಗೂ ರಜೆ ಸಿಗುತ್ತದೆ. ಭಾನುವಾರ ಅಂಗಡಿಗಳೆಲ್ಲ ಬಂದ್, ಹಾಲು ತರಕಾರಿ ಶನಿವಾರವೇ ತನ್ನಿ. ಇಂಡಿಯನ್ ಅಂಗಡಿಯಲ್ಲಿ ಕೇರಳದ ಮಟ್ಟ ಅಕ್ಕಿ ಸಿಕ್ಕರೆ ಬಿಡಬೇಡಿ, ನಮ್ಮ ಕುಚ್ಚಲಕ್ಕಿಗೆ ಹತ್ತಿರ ಅದೇ. ಕುಕ್ಕರ್ ಮಾತ್ರ ಊರಿಂದಲೇ ತೆಗೆದುಕೊಂಡು ಹೋಗಿ.